ಅಂಕಿ ಇಳಿದ ಕೂಡಲೇ ಬೋರ್ ಹೊಡೆಸಬೇಡ

ತಮ್ಮಾ, ನೆಲದಡಿಯ ನೀರು ಹುಡುಕಲು ರೋಧಕತೆಯ ಮೀಟರು ಹೊತ್ತು ಹಟ್ಟಿಕೇರಿಗೆ ಹೊರಟಿದ್ದೀಯ. ಆ ಯಂತ್ರ ನೀರನ್ನು ತೋರಿಸುವುದಿಲ್ಲ ಎನ್ನುವುದನ್ನು ಮರೆಯಬೇಡ. ಹೊರಗಿನ ಎರಡು ಸರಳುಗಳಿಂದ ನೆಲಕ್ಕೆ ಕರೆಂಟು ಹರಿಸಿ, ಒಳಗಿನ ಎರಡರ ನಡುವೆ ಎಷ್ಟು ವೋಲ್ಟೇಜ್ ಹುಟ್ಟಿತೆಂದು ಅಳೆದು, ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ (ರೋಧಕತೆ) ಎಂಬ ಅಂಕಿ ಕೊಡುತ್ತದೆ, ಅಷ್ಟೇ. ಶ್ಲುಂಬರ್ಜರ್, ವೆನ್ನರ್ ಎಂಬ ವಿಜ್ಞಾನಿಗಳು 1910ರ ದಶಕದಲ್ಲಿ ಹಾಕಿಕೊಟ್ಟ ಕ್ರಮ ಅದು. ಬಂದ ಅಂಕಿಗೆ ಅರ್ಥ ಹೇಳಬೇಕಾದವನು ನೀನು.

ಒಳನಾಡಿನ ಬಂಡೆಯ ಮೇಲೆ ಈ ಕೆಲಸ ಸ್ವಲ್ಪ ಸಲೀಸು. ಬಿರುಕಿಲ್ಲದ ಗ್ರಾನೈಟು ಸಾವಿರಾರು ಓಮ್-ಮೀಟರ್ ತೋರಿಸುತ್ತದೆ. ಶಿಥಿಲವಾಗಿ ನೀರು ತುಂಬಿದ ಪದರದಲ್ಲಿ ಅದು ಹತ್ತಾರಕ್ಕೋ ನೂರಾರಕ್ಕೋ ಇಳಿಯುತ್ತದೆ. ಹಟ್ಟಿಕೇರಿಯಲ್ಲಿ ಹಾಗೆ ನಂಬಿ ಕೂರುವಂತಿಲ್ಲ. ಮೇಲೆ ಗುಡ್ಡ, ಕೆಳಗೆ ಬೇಲೆಕೇರಿಯ ಕಡಲು, ಉಬ್ಬರದ ನೀರು ಹೊಳೆಯೊಳಗೇ ಏರಿ ಬರುವ ಊರು. ಸಮುದ್ರದ ನೀರಿನ ರೋಧಕತೆ ಸುಮಾರು 0.2 ಓಮ್-ಮೀಟರ್ ಮಾತ್ರ. ಉಪ್ಪು ನೆನೆದ ಮರಳು, ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಜೇಡಿಮಣ್ಣು, ಸಿಹಿನೀರಿರುವ ಬಿರುಕು, ಮೂರೂ ಅಂಕಿಯನ್ನು ಕೆಳಗಿಳಿಸುತ್ತವೆ. ಅಂಕಿ ಇಳಿಯಿತೆಂದು ಹಿಗ್ಗಿ ಗುರುತು ಹಾಕಿಬಿಟ್ಟರೆ, ಸಾಲ ಮಾಡಿ ಬೋರ್ ಕೊರೆಸಿದ ಮನೆಯವರ ತೋಟಕ್ಕೆ ಉಪ್ಪುನೀರು ಕೊಟ್ಟಂತಾದೀತು.

ಅದಕ್ಕೇ ವೈರು ಎಳೆಯುವ ಮೊದಲು ಬಾವಿಗಳನ್ನು ನೋಡು. ಏಪ್ರಿಲ್, ಮೇ ತಿಂಗಳಲ್ಲೇ ಹೋಗು; 3000 ಮಿಲಿಮೀಟರ್ ಮೀರಿ ಮಳೆ ಬೀಳುವ ಸೀಮೆಯಲ್ಲಿ ಆಗಸ್ಟಿನಲ್ಲಿ ಯಾವ ಬಾವಿ ತಾನೇ ತುಂಬಿರುವುದಿಲ್ಲ? ನೀರು ಎಷ್ಟು ಆಳಕ್ಕೆ ಇಳಿದಿದೆ, ಯಾವ ತಿಂಗಳಿಂದ ಸವಳು ಬರುತ್ತದೆ ಎಂದು ನೀರು ಸೇದುವ ಹೆಂಗಸರನ್ನು ಕೇಳು. ಆಮೇಲೆ ಹಳ್ಳ ಹಿಡಿದು ಗುಡ್ಡದ ಬುಡದವರೆಗೆ ನಡೆ. ಹಳ್ಳ ಒಮ್ಮೆಲೇ ನೆಟ್ಟಗೆ ಹರಿದ ಕಡೆ ಕೆಳಗಿನ ಬಂಡೆ ಸೀಳಿರಬಹುದು. ಅಂಥಲ್ಲಿ ಸೀಳಿಗೆ ಅಡ್ಡವಾಗಿ ಸರಳುಗಳ ಸಾಲು ಹಾಕಿ ನೋಡು. ಒಂದೇ ಬಿಂದುವಿನ ಅಳತೆಯನ್ನು ನೆಚ್ಚಬೇಡ.

ಒಣಗಿದ ಚಿರೆಕಲ್ಲಿನಲ್ಲಿ ಸರಳಿಗೆ ನೆಲ ಹಿಡಿಯುವುದಿಲ್ಲ, ಬುಡಕ್ಕೆ ಉಪ್ಪುನೀರು ಹೊಯ್ಯಿ. ಕಬ್ಬಿಣದ ಬೇಲಿ, ಪೈಪು, ವಿದ್ಯುತ್ ತಂತಿಗಳಿಂದ ದೂರವಿರು.

ಹೊರಸರಳುಗಳ ನಡುವೆ 200 ಮೀಟರ್ ಇದ್ದರೆ ನಿನಗೆ ಸಿಗುವುದು ಸುಮಾರು 40 ಮೀಟರ್ ಆಳದ ಸುದ್ದಿ. ನೂರು ಮೀಟರ್ ಕೆಳಗಿನ ಗೇಣಗಲದ ಬಿರುಕು ಮೇಲಿನಿಂದ ಕಾಣುವುದೇ ಇಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳು. ಅನುಮಾನವಿದ್ದರೆ ಬೇಡ ಎನ್ನು, ತೆರೆದ ಬಾವಿಯನ್ನೇ ಇನ್ನಷ್ಟು ಆಳ ಮಾಡಬಹುದೇ ಎಂದು ವಿಚಾರಿಸು. ನೀನು ಬೇಡ ಎಂದದ್ದರಿಂದ ಉಳಿದ ದುಡ್ಡೂ ಅವರ ದುಡ್ಡೇ.

ಬೋರ್ ಕೊರೆಯುವ ದಿನ ಅಲ್ಲೇ ನಿಲ್ಲು. ಹುಡಿಯ ಬಣ್ಣ ಎಷ್ಟನೇ ಅಡಿಯಲ್ಲಿ ಬದಲಾಯಿತು, ನೀರು ಎಲ್ಲಿ ಸಿಕ್ಕಿತು, ಸಿಹಿಯೋ ಸವಳೋ ಎಂಬುದನ್ನು ನಿನ್ನ ಗ್ರಾಫಿನ ಪಕ್ಕದಲ್ಲೇ ಬರೆದಿಡು. ನೀರು ಬಾರದಿದ್ದರೆ ಅದನ್ನೂ ಬರೆ, ಬೋರಿನ ಬಾಯಿ ಮುಚ್ಚಿಸದೆ ಆ ಜಾಗ ಬಿಟ್ಟು ಬರಬೇಡ.