ಉಣುಗಿನಿಂದ ಆರಂಭಿಸಿದ ಪಾಠ: ಹತ್ತನೇ ತರಗತಿಯಲ್ಲಿ ಲೈಂಗಿಕ ಸೋಂಕುಗಳ ಬೋಧನೆ

ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯದ ಕೊನೆಗೆ ಗೊನೋರಿಯಾ, ಸಿಫಿಲಿಸ್, ಜನನಾಂಗದ ನರುಳ್ಳೆ, ಎಚ್‌ಐವಿ ಕುರಿತು ಕೆಲವೇ ಸಾಲುಗಳಿವೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಭ್ಯಾಸ ಪಾಠ ಮಾಡುವ ನಮ್ಮಲ್ಲಿ ಹಲವರು "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ದಾಟಿಬಿಡುವ ಸಾಲುಗಳಿವು. ಮನೆಯಲ್ಲಿ ಅದನ್ನು ಯಾರೂ ಓದಿ ಹೇಳುವುದಿಲ್ಲ. ಆದ್ದರಿಂದ ಈ ಭಾಗಕ್ಕೇ ಒಂದು ಪೂರ್ಣ ಅವಧಿಯನ್ನು ಕೇಳಿ ಪಡೆದೆ.

ಪೂರ್ವಜ್ಞಾನಕ್ಕೆ ಮಂಗನ ಕಾಯಿಲೆಯನ್ನು ಆರಿಸಿಕೊಂಡೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಮಲೆನಾಡಿನ ಮಕ್ಕಳಿಗೆ ಪುಸ್ತಕದ ಸಂಗತಿಯಲ್ಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದದ್ದನ್ನು ಮನೆಮನೆಯಲ್ಲೂ ಮಾತಾಡಿದ್ದಾರೆ. ರೋಗಾಣು ಯಾವುದು, ಯಾವ ದಾರಿಯಿಂದ ದೇಹಕ್ಕೆ ಬರುತ್ತದೆ, ಆ ದಾರಿಯನ್ನು ಎಲ್ಲಿ ಕಟ್ಟಬಹುದು ಎಂದು ಮೂರು ಪ್ರಶ್ನೆ ಹಾಕಿದೆ. ವೈರಸ್, ಉಣುಗು, ಕಾಡಿಗೆ ಹೋಗುವ ಮುಂಚೆ ಮೈಗೆ ಹಚ್ಚುವ ಎಣ್ಣೆ ಎಂದು ಉತ್ತರಗಳು ಪಟಪಟನೆ ಬಂದವು. ರೋಗಿಯನ್ನು ಮುಟ್ಟಿದರೆ ಬರುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಕಾಡಿಗೆ ಹೋದದ್ದು ರೋಗಿಯ ನಡತೆಗೆಟ್ಟ ಲಕ್ಷಣ ಎಂದು ಒಬ್ಬರೂ ಹೇಳಲಿಲ್ಲ.

ಅದೇ ಮೂರು ಪ್ರಶ್ನೆಗಳನ್ನು ಅಳಿಸದೆ, ಪಕ್ಕದಲ್ಲಿ "ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳು" ಎಂದು ಬರೆದೆ. ತಲೆಗಳು ತಗ್ಗಿದವು, ಹಿಂದಿನ ಬೆಂಚಿನಲ್ಲಿ ಕಿಸಕಿಸ ನಗೆ. ಆದರೆ ಪ್ರಶ್ನೆಗಳು ಹಳೆಯವೇ ಆದ್ದರಿಂದ ಪಾಠ ನಿಲ್ಲಲಿಲ್ಲ. ಗೊನೋರಿಯಾ, ಸಿಫಿಲಿಸ್ ಬ್ಯಾಕ್ಟೀರಿಯಾದಿಂದ ಬರುತ್ತವೆ, ಸರಿಯಾದ ಔಷಧದಿಂದ ಗುಣವಾಗುತ್ತವೆ. ಎಚ್‌ಐವಿ ವೈರಸ್, ಪೂರ್ತಿ ಹೋಗದಿದ್ದರೂ ದಿನವೂ ಮಾತ್ರೆ ತೆಗೆದುಕೊಂಡರೆ ಹತೋಟಿಯಲ್ಲಿರುತ್ತದೆ. ದಾರಿ ಮುಖ್ಯವಾಗಿ ಅಸುರಕ್ಷಿತ ಲೈಂಗಿಕ ಸಂಪರ್ಕ; ಕೆಲವು ಸೋಂಕುಗಳು ರಕ್ತದಿಂದ, ತಾಯಿಯಿಂದ ಮಗುವಿಗೆ ಕೂಡ. ಎಚ್‌ಐವಿ ಒಟ್ಟಿಗೆ ಊಟ ಮಾಡಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ.

ಹೋಲಿಕೆ ಮುರಿಯುವ ಜಾಗವೇ ಪಾಠದ ತಿರುಳು. ಮಂಗನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಜೋರು ಜ್ವರ ಬಂದು ಮನುಷ್ಯ ಮಲಗುತ್ತಾನೆ. ಲೈಂಗಿಕ ಸೋಂಕುಗಳಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ, ಹೆಂಗಸರಲ್ಲಂತೂ ಇನ್ನೂ ಕಡಿಮೆ. ಸಿಫಿಲಿಸ್ಸಿನ ಮೊದಲ ಹುಣ್ಣು ಸಾಧಾರಣವಾಗಿ ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಹುಣ್ಣು ಮಾಯಿತು, ರೋಗಾಣು ಒಳಗೇ ಉಳಿಯಿತು. ಬಸ್ ನಿಲ್ದಾಣದ ಗೋಡೆಗಳಲ್ಲಿ "ಗುಪ್ತರೋಗ"ಕ್ಕೆ ಮದ್ದು ಕೊಡುತ್ತೇವೆನ್ನುವವರ ವ್ಯಾಪಾರ ನಡೆಯುವುದು ಇಂಥದ್ದರಿಂದಲೇ: ಮದ್ದು ಯಾವುದಾದರೇನು, ಹುಣ್ಣು ಹೇಗೂ ಮಾಯುತ್ತದೆ. ಈ "ಗುಪ್ತ" ಎಂಬ ಮಾತನ್ನು ನಾವು ತರಗತಿಯಲ್ಲಿ ಬಳಸಬಾರದೆಂಬುದು ನನ್ನ ಅಭಿಪ್ರಾಯ.

ಹೆಸರಿಲ್ಲದ ಚೀಟಿಗಳಿಗೆ ಒಂದು ರಟ್ಟಿನ ಡಬ್ಬ ಇಟ್ಟಿದ್ದೆ. ಬಿಳಿಸೆರಗು ಹೋದರೆ ರೋಗವೇ ಎಂದು ಕೇಳಿದ ಚೀಟಿಗಳೇ ಹೆಚ್ಚು. ಸ್ವಲ್ಪ ಹೋಗುವುದು ಸಹಜ. ಬಣ್ಣ ಬದಲಾದರೆ, ವಾಸನೆ, ತುರಿಕೆ, ನೋವು ಇದ್ದರೆ ತೋರಿಸಬೇಕು, ಆಗಲೂ ಅದು ಲೈಂಗಿಕ ಸೋಂಕೇ ಆಗಿರಬೇಕೆಂದಿಲ್ಲ ಎಂದೆ. ಇನ್ನೊಂದು ಚೀಟಿ: "ಗಂಡನಿಂದ ಬಂದರೂ ಹೆಂಡತಿಯನ್ನೇ ಯಾಕೆ ಬೈಯುತ್ತಾರೆ?" ಇದಕ್ಕೆ ವಿಜ್ಞಾನದಲ್ಲಿ ಪೂರ್ತಿ ಉತ್ತರವಿಲ್ಲ. ಸೋಂಕು ಯಾರ ಗುಣವನ್ನೂ ಹೇಳುವುದಿಲ್ಲ, ಚಿಕಿತ್ಸೆ ಇಬ್ಬರಿಗೂ ಆಗದಿದ್ದರೆ ಮತ್ತೆ ಮರಳುತ್ತದೆ ಎಂಬಷ್ಟನ್ನು ನಿಧಾನವಾಗಿ ಹೇಳಿದೆ. ನಗೆ ಆಗ ಕೇಳಿಸಲಿಲ್ಲ.

ತಡೆಯುವ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಾಂಡೋಮ್ ಎಂಬ ಪದ ಪಠ್ಯದಲ್ಲೇ ಇದೆ, ಉಚ್ಚರಿಸಿ. ಹೆಪಟೈಟಿಸ್ ಬಿ ಮತ್ತು ಎಚ್‌ಪಿವಿಗೆ ಲಸಿಕೆಯಿದೆ; ಎರಡನೆಯದು ಗರ್ಭಕಂಠದ ಕ್ಯಾನ್ಸರನ್ನು ತಡೆಯುತ್ತದೆ. ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ, 1097 ಉಚಿತ ಸಹಾಯವಾಣಿ. ಚೀಟಿಯಲ್ಲಿ ದೌರ್ಜನ್ಯದ ಸುಳಿವು ಕಂಡರೆ ಪಾಠದ ಚೌಕಟ್ಟು ಅಲ್ಲಿಗೇ ಮುಗಿಯಿತು. ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ, ಮಕ್ಕಳ ಸಹಾಯವಾಣಿ 1098.

ಮೌಲ್ಯಮಾಪನಕ್ಕೆ ವ್ಯಾಖ್ಯೆ ಕೇಳಲಿಲ್ಲ. "ಒಬ್ಬರಿಗೆ ನೋವಿಲ್ಲದ ಹುಣ್ಣು ಬಂದು ತಾನಾಗಿ ಮಾಯಿತು. ಅವರು ಈಗ ಏನು ಮಾಡಬೇಕು?" ಎಂದು ಕೇಳಿದೆ. ಹೆಚ್ಚಿನವರು "ರಕ್ತ ಪರೀಕ್ಷೆ" ಎಂದು ಬರೆದರು. ಕೆಲವರು ಅದರ ಕೆಳಗೆ "ಸಂಗಾತಿಗೂ" ಎಂದು ಸೇರಿಸಿದ್ದರು.