ವಾರ್ಡಿಗೆ ಹೋಗುವ ಮುನ್ನ ಫಾರ್ಮಸಿ ವಿದ್ಯಾರ್ಥಿಗೆ ಏನು ಬರಬೇಕು?

ಕೆಲವು ವರ್ಷಗಳ ಹಿಂದೆ ಅರವತ್ತು ದಾಟಿದ ಹೆಂಗಸೊಬ್ಬರು ಬಾಯಿ ತುಂಬ ಹುಣ್ಣಾಗಿ ನನ್ನ ಕ್ಲಿನಿಕ್ಕಿಗೆ ಬಂದರು. ಗಂಜಿ ನುಂಗುವುದೂ ಕಷ್ಟವಾಗಿತ್ತು. ಕೀಲುವಾತಕ್ಕೆ ಬೇರೆ ವೈದ್ಯರು ಮೆಥೊಟ್ರೆಕ್ಸೇಟ್ ಬರೆದಿದ್ದರು. ಚೀಟಿಯಲ್ಲಿ ವಾರಕ್ಕೊಮ್ಮೆ ಎಂದೇ ಇತ್ತು. "ದಿನಾ ಬೆಳಿಗ್ಗೆ ತಗೋತಿದೀನಿ ಡಾಕ್ಟ್ರೇ, ಅಂಗಡೀಲಿ ಹಾಗೇ ಹೇಳಿದ್ರು" ಎಂದರು. ಪರೀಕ್ಷಿಸಿದಾಗ ಬಿಳಿ ರಕ್ತಕಣಗಳು ತೀರಾ ಇಳಿದಿದ್ದವು. ಆಸ್ಪತ್ರೆಗೆ ಸೇರಿಸಿ ಫೋಲಿನಿಕ್ ಆಮ್ಲ ಕೊಟ್ಟು ಉಳಿಸಿಕೊಳ್ಳಬೇಕಾಯಿತು.

ಈ ಮಾತ್ರೆಯನ್ನು ದಿನವೂ ನುಂಗಿದರೆ ಮೂಳೆಯ ಮಜ್ಜೆ ಕುಗ್ಗುತ್ತದೆ ಎಂದು ಫಾರ್ಮಸಿ ಓದಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಎದುರಿಗೆ ನಿಂತ ಅಜ್ಜಿಗೆ ಅದನ್ನು ತಿಳಿಯುವಂತೆ ಹೇಳುವುದು ಬೇರೆಯೇ ವಿದ್ಯೆ.

ನಮ್ಮಲ್ಲಿ ಡಿ.ಫಾರ್ಮ್ ಓದುವವರು ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ 500 ಗಂಟೆಗಳ ತರಬೇತಿ ಪಡೆಯಬೇಕು. ಅದರಲ್ಲಿ 250 ಗಂಟೆಯಾದರೂ ಚೀಟಿ ನೋಡಿ ಔಷಧಿ ಕೊಡುವ ಕೆಲಸಕ್ಕೇ ಮೀಸಲು. 2008ರಲ್ಲಿ ಬಂದ ಫಾರ್ಮ್.ಡಿ. ಕೋರ್ಸಿನಲ್ಲಿ ಐದು ವರ್ಷದ ಓದಿನ ನಂತರ ಒಂದು ವರ್ಷ ಆಸ್ಪತ್ರೆಯಲ್ಲೇ ಇರಬೇಕು; ಆರು ತಿಂಗಳು ಜನರಲ್ ಮೆಡಿಸಿನ್, ಉಳಿದದ್ದು ಬೇರೆ ವಿಭಾಗಗಳಲ್ಲಿ. ಗಂಟೆ ತುಂಬಿತೇ ಎಂದು ನೋಡುವವರಿದ್ದಾರೆ. ವಿದ್ಯಾರ್ಥಿ ಆ ಗಂಟೆಗಳಿಗೆ ಸಿದ್ಧನಾಗಿ ಬಂದನೇ ಎಂದು ಮೊದಲೇ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಇದಕ್ಕೊಂದು ಪದ್ಧತಿ ಇದೆ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ವೈದ್ಯ ವಿದ್ಯಾರ್ಥಿಗಳಿಗಾಗಿ ರೂಪಿಸಿ 1975ರಲ್ಲಿ ಪ್ರಕಟಿಸಿದ್ದು. ಸಾಲಾಗಿ ಮೇಜುಗಳು, ಒಂದೊಂದರಲ್ಲೂ ಕೆಲವೇ ನಿಮಿಷದ ಒಂದು ಕೆಲಸ, ಎಲ್ಲರಿಗೂ ಒಂದೇ ಅಂಕಪಟ್ಟಿ. ಫಾರ್ಮಸಿಗೂ ಇದು ಚೆನ್ನಾಗಿ ಒಗ್ಗುತ್ತದೆ.

ಮೊದಲ ಮೇಜಿನಲ್ಲಿ ಲೆಕ್ಕ ಇಡಿ. ಹತ್ತು ಕೆ.ಜಿ. ತೂಕದ ಮಗುವಿಗೆ ಜ್ವರ. ಕೆ.ಜಿ.ಗೆ 15 ಮಿ.ಗ್ರಾಂ.ನಂತೆ ಪ್ಯಾರಾಸಿಟಮಾಲ್ 150 ಮಿ.ಗ್ರಾಂ. ಬೇಕು. ಐದು ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಸಿರಪ್ಪಾದರೆ ಆರು ಮಿ.ಲೀ.; ಐದು ಮಿ.ಲೀ.ಗೆ 250 ಇರುವುದಾದರೆ ಮೂರೇ. ಒಂದು ಮಿ.ಲೀ.ಗೆ 100 ಮಿ.ಗ್ರಾಂ. ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ. ಸಾಕು. ಡ್ರಾಪ್ಸನ್ನು ಸಿರಪ್ಪಿನಂತೆ ಆರು ಮಿ.ಲೀ. ಕುಡಿಸಿದರೆ ನಾಲ್ಕು ಪಟ್ಟು! ಬಾಟಲಿಯ ಲೇಬಲ್ಲನ್ನು ತಿರುಗಿಸಿ ನೋಡದೆ ಉತ್ತರ ಹೇಳುವವರನ್ನು ಇನ್ನೂ ವಾರ್ಡಿಗೆ ಕಳಿಸಬಾರದು.

ಇನ್ನೊಂದರಲ್ಲಿ ಫೋನ್. ಚೀಟಿಯಲ್ಲಿ ಡೋಸ್ ತಪ್ಪಿದೆ, ವೈದ್ಯರಿಗೆ ಹೇಳಬೇಕು. ಬುದ್ಧಿವಂತ ಮಕ್ಕಳೂ ಇಲ್ಲಿ ತಡವರಿಸುತ್ತಾರೆ. ತಪ್ಪು ಅವರದ್ದೇ ಅಲ್ಲ, ನಾವು ವೈದ್ಯರೂ ಅಷ್ಟು ಸುಲಭದವರಲ್ಲ. ಔಷಧಿಯ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಿರಿ ಎಂದು 2016ರಲ್ಲಿ ನಿಯಮ ಮಾಡಬೇಕಾಗಿ ಬಂತಲ್ಲ!

ಕೊನೆಯದೇ ಮುಖ್ಯವಾದದ್ದು. ಓದು ಬಾರದ ರೋಗಿಯಂತೆ ನಟಿಸುವವರನ್ನು ಕೂರಿಸಿ, ಅದೇ ಮೆಥೊಟ್ರೆಕ್ಸೇಟ್ ಕೊಡಿಸಬೇಕು. ಔಷಧಿ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದರೆ ಅಂಕ ಬೇಡ. "ಅಮ್ಮಾ, ಇದು ಸೋಮವಾರ ಮಾತ್ರ. ಬೇರೆ ದಿನ ಮುಟ್ಟಬೇಡಿ" ಎಂದರೆ ಅರ್ಧ ಅಂಕ. "ಈಗ ನೀವೇ ಹೇಳಿ ನೋಡೋಣ, ಯಾವತ್ತು ತಗೋತೀರಿ?" ಎಂದು ಕೇಳಿ, ಉತ್ತರ ಬರುವವರೆಗೆ ಕಾದರೆ ಪೂರ್ತಿ ಅಂಕ. ಇದರಲ್ಲಿ ಸೋತವರನ್ನು ನಪಾಸು ಮಾಡುವುದು ಬೇಡ. ಎರಡು ವಾರ ಇದನ್ನೇ ಅಭ್ಯಾಸ ಮಾಡಿಸಿ ಮತ್ತೆ ಕೂರಿಸಿದರಾಯಿತು.

ಓದುಗರಿಗೂ ಒಂದು ಮಾತು. ಆಸ್ಪತ್ರೆಯಲ್ಲಿ ಫಾರ್ಮಸಿ ವಿದ್ಯಾರ್ಥಿ ನಿಮ್ಮ ಹಾಸಿಗೆಯ ಬಳಿ ಬಂದು ಮನೆಯಲ್ಲಿ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಎಂದು ಕೇಳಿದರೆ, "ಡಾಕ್ಟ್ರಿಗೆ ಹೇಳಿದ್ದೇನೆ" ಎಂದು ಮುಖ ತಿರುಗಿಸಬೇಡಿ. ಚೀಲದಲ್ಲಿರುವುದೆಲ್ಲವನ್ನೂ ಹೊರಗೆ ಸುರಿಯಿರಿ, ನಾಟಿ ಔಷಧಿಯೂ ಸೇರಿ.