ಟ್ಯೂಬಿಗೆ ಬರೀ ಗಂಜಿ ಸಾಲದು

ಪ್ರಶ್ನೆ: ನಮ್ಮ ಯಜಮಾನರಿಗೆ ಕೆನ್ನೆಯ ಕ್ಯಾನ್ಸರ್ ಆಪರೇಷನ್ ಆಗಿದೆ. ಮೂಗಿನ ಟ್ಯೂಬಿನಲ್ಲಿ ರಾಗಿ ಗಂಜಿ, ಎಳನೀರು ಕೊಡುತ್ತಿದ್ದೇವೆ. ಆದರೂ ತೂಕ ಇಳಿಯುತ್ತಿದೆ. ಏನು ಮಾಡಲಿ?

ಉತ್ತರ: ಸಲೀಸಾಗಿ ಇಳಿಯಲೆಂದು ಎಲ್ಲರೂ ಗಂಜಿಯನ್ನು ನೀರು ಮಾಡಿಬಿಡುತ್ತಾರೆ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. 50 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 1500 ಕ್ಯಾಲೊರಿ, 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಗಾಯ ಮಾಯುವುದು ಅದರಿಂದಲೇ. ಗಂಜಿಯನ್ನು ಹಾಲಿನಲ್ಲಿ ಮಾಡಿ. ಬೆಂದ ಬೇಳೆ, ಹಾಲಿನ ಪುಡಿ, ಒಂದು ಚಮಚ ಎಣ್ಣೆ ಸೇರಿಸಿ. ತಿನ್ನುವವರಾದರೆ ಬೇಯಿಸಿದ ಮೊಟ್ಟೆಯನ್ನೂ ಮಿಕ್ಸಿಗೆ ಹಾಕಿ. ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ. ಒಂದೇ ದಿನಕ್ಕೆ ಎಲ್ಲ ಬೇಡ, ನಿಧಾನವಾಗಿ ಹೆಚ್ಚಿಸಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕವೇ ಬೇರೆ.

ಒಂದು ಸಲಕ್ಕೆ 200–250 ಮಿ.ಲೀ., ಎರಡು-ಮೂರು ಗಂಟೆಗೊಮ್ಮೆ. ಅವರನ್ನು ಕೂರಿಸಿ, ಮೂಗಿನ ಬಳಿ ಟ್ಯೂಬಿನ ಮೇಲಿರುವ ಗುರುತು ಜಾರಿಲ್ಲವೆಂದು ನೋಡಿ, ಸಿರಿಂಜನ್ನು ಎತ್ತಿ ಹಿಡಿಯಿರಿ. ಆಹಾರ ತಾನಾಗಿ ಇಳಿಯಲಿ, ಒತ್ತಬೇಡಿ. ಕೊನೆಗೆ 30–50 ಮಿ.ಲೀ. ನೀರು ಬಿಡದಿದ್ದರೆ ರಾಗಿ ಒಳಗೇ ಕಟ್ಟಿಕೊಳ್ಳುತ್ತದೆ. ಮುಕ್ಕಾಲು ಗಂಟೆ ಮಲಗಿಸಬಾರದು. ಡಾಕ್ಟರು ಹೇಳುವವರೆಗೆ ಬಾಯಿಗೆ ಒಂದು ಗುಟುಕು ಕಾಫಿಯೂ ಬೇಡ, ನೆಂಟರು ಎಷ್ಟೇ ಮರುಗಲಿ!

ಟ್ಯೂಬ್ ಹೊರಬಂದರೆ ನೀವೇ ತಳ್ಳಬೇಡಿ, ಒಳಗಿನ ಹೊಲಿಗೆ ಇನ್ನೂ ಹಸಿ. ಕೊಡುವಾಗ ಕೆಮ್ಮು, ಉಬ್ಬಸ ಬಂದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ರೇಡಿಯೇಷನ್ ಬೇಕಾದರೆ ಸಾಮಾನ್ಯವಾಗಿ ಆಪರೇಷನ್ ಆದ ಆರು ವಾರದೊಳಗೆ ಶುರು ಮಾಡುತ್ತಾರೆ. ಅಷ್ಟರಲ್ಲಿ ತೂಕ ಇಳಿಯುವುದು ನಿಲ್ಲಬೇಕು. ಹಾಗಾಗಿ ಈ ವಾರವೇ ಆಸ್ಪತ್ರೆಯ ಡಯಟೀಷಿಯನ್ ಅವರನ್ನು ಕಾಣಿ.